ಹಾವಸೆ, ಅಪೋಸಮ್ ಮತ್ತು ನನ್ನ ಖಾತ್ರಿ

ಈ ಘಟನೆಯನ್ನು ನಾನು ಇಲ್ಲಿಯವರೆಗೆ ಕಡಿಮೆಯೆಂದರೂ ನಲವತ್ತು ಸಲ ಹೇಳಿದ್ದೇನೆ. ಹೊಸ ಉಪನ್ಯಾಸಕರ ತರಬೇತಿಗಳಲ್ಲಿ, ಬೀಳ್ಕೊಡುಗೆ ಸಮಾರಂಭಗಳಲ್ಲಿ, ಒಮ್ಮೆ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ, ಅವರು ಬಾಯಿ ತೆರೆಯಿರಿ ಎನ್ನುವ ಮುಂಚೆ. ಪ್ರತಿ ಸಲವೂ ಅದರಲ್ಲಿ ನಾನು ಹುಬ್ಬಳ್ಳಿಯ ಹಳೇ ಬಸ್‌ಸ್ಟ್ಯಾಂಡಿನವರೆಗೆ ಓಡುತ್ತೇನೆ. ಮೊದಮೊದಲು ಸುಮ್ಮನೆ ಓಡುತ್ತಿದ್ದೆ. ಕೆಲವು ವರ್ಷ ಕಳೆದ ಮೇಲೆ ದಾರಿಯಲ್ಲಿ ಚಪ್ಪಲಿ ಕಿತ್ತು ಬರಿಗಾಲಲ್ಲಿ ಓಡತೊಡಗಿದೆ. ನಿವೃತ್ತಿಯ ಹೊತ್ತಿಗೆ ಏಪ್ರಿಲ್ ತಿಂಗಳ ಕಾದ ಡಾಂಬರು ಕೂಡ ಸೇರಿಕೊಂಡಿತ್ತು. ಈಗ ಬರೆಯಲು ಕುಳಿತರೆ, ನಾನು ಓಡಿದೆನೇ ಎಂಬುದೇ ಅನುಮಾನವಾಗಿದೆ. ಓಡಿದ ನೆನಪಿದೆ. ಆದರೆ ಆ ನೆನಪಿನಲ್ಲಿ ನಾನು ನನ್ನನ್ನು ಹಿಂದಿನಿಂದ ನೋಡುತ್ತಿದ್ದೇನೆ, ನನ್ನ ಬೆನ್ನು, ನನ್ನ ಹಿಮ್ಮಡಿ. ಓಡುವವನಿಗೆ ತನ್ನ ಬೆನ್ನು ಕಾಣುವುದಿಲ್ಲ ಎಂಬಷ್ಟು ವಿಜ್ಞಾನವನ್ನು ಧಾರವಾಡದ ವಿಶ್ವವಿದ್ಯಾಲಯ ನನಗೆ ಕಲಿಸಿದೆ.

ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಮೂವತ್ತಮೂರು ವರ್ಷ ಸಸ್ಯಶಾಸ್ತ್ರ ಕಲಿಸಿದವನು. ಈಗ ಅದೇ ಕೆಲಸಕ್ಕೆ ಸೇರುತ್ತಿರುವ ಕಿರಿಯರು ಸಿಕ್ಕಾಗ, ಕೆಲಸ ಹೇಗಿತ್ತು ಎಂದು ಕೇಳುತ್ತಾರೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ಬಿಡುತ್ತೇನೆ. ಹುದ್ದೆ ಬದಲಾದಾಗ ಬದಲಾದದ್ದು ಕುರ್ಚಿಯೊಂದೇ. ಎರಡನೆಯ ಕುರ್ಚಿಗೆ ಒಂದು ಕಾಲು ಗಿಡ್ಡ ಇತ್ತು.

ಹೇಳಬೇಕಾದದ್ದು ಬೇರೆ. ಮೊದಲ ವರ್ಷ ನಾನು ಒಂದು ಸ್ಲೈಡ್ ತಯಾರಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಒಂದು ವಾರ ಎಲ್ಲ ತರಗತಿಗಳಿಗೂ ಅದನ್ನು ಬೀಜಕ ಎಂದು ತೋರಿಸಿದೆ. ದುಂಡಗಿತ್ತು, ಅಂಚು ಕಪ್ಪಾಗಿತ್ತು, ನಡುವೆ ಹೊಳೆಯುತ್ತಿತ್ತು. ಮಕ್ಕಳು ಚಿತ್ರ ಬಿಡಿಸಿದರು, ಭಾಗಗಳನ್ನು ಗುರುತಿಸಿದರು, ನಾನು ಕೆಂಪು ಮಸಿಯಲ್ಲಿ ಸರಿ ಹಾಕಿದೆ. ಶನಿವಾರ ನಮ್ಮ ವಿಭಾಗದ ಮುಖ್ಯಸ್ಥರಾದ ಪಾಟೀಲ ಸರ್ ಬಂದು ಕಣ್ಣಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು.

"ಇದು ಗಾಳಿಗುಳ್ಳಿರಿ, ಮಾಸ್ತರ. ಪಾಪ, ಅದಕ್ಕ ಹೆಸರೂ ಇಟ್ಟೀರೇನು?"

ಅವರು ಬೈಯಲಿಲ್ಲ. ಅಂದಿನಿಂದ ನನಗೆ ಒಂದು ನಿಯಮ ಹಾಕಿದರು: ಮೊದಲು ಎಣಿಸಬೇಕು, ಆಮೇಲೆ ಹೆಸರು. ಎಸಳು ಎಷ್ಟು, ಎಲೆ ಎಷ್ಟು, ಕಾಯಿ ಎಷ್ಟು. ಗೊತ್ತಿರುವ ಹೆಸರು ಮೊದಲು ನಾಲಿಗೆಗೆ ಬಂದರೆ ಕಣ್ಣು ಕೆಲಸ ನಿಲ್ಲಿಸುತ್ತದೆ ಎನ್ನುತ್ತಿದ್ದರು. ಪಾಟೀಲ ಸರ್ ನಿವೃತ್ತರಾದ ಮರುವರ್ಷದಿಂದ ಈ ಮಾತನ್ನು ನಾನು ನನ್ನದೇ ಎಂಬಂತೆ ಪ್ರತಿ ಹೊಸ ತರಗತಿಗೂ ಹೇಳತೊಡಗಿದೆ. ಬಹಳ ಮಂದಿ ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡರು.

ಕಿರಿಯರಿಗೆ ಆಗಿನ ಪ್ರಾಯೋಗಿಕ ಪರೀಕ್ಷೆ ಹೇಗಿತ್ತೆಂದು ಹೇಳಬೇಕು. ಈಗ ಗೋಡೆಯ ಮೇಲೆ ಚಿತ್ರ ಮೂಡುತ್ತದೆ, ಮಕ್ಕಳು ಕುಳಿತಲ್ಲೇ ಬರೆಯುತ್ತಾರೆ. ಆಗ ನಿಜವಾದ ವಸ್ತುಗಳನ್ನು ಇಡುತ್ತಿದ್ದೆವು. ಅಂತಿಮ ವರ್ಷದವರಿಗೆ ಹತ್ತು ಅಂಕದ ಒಂದು ಪ್ರಶ್ನೆ ಇರುತ್ತಿತ್ತು: ಮುಂದಿನ ಮೇಜಿನ ಮೇಲಿರುವ ಎ ಮತ್ತು ಬಿ ಮಾದರಿಗಳನ್ನು ನೋಡಿ ಹೋಲಿಸಿ ಬರೆಯಿರಿ. ವಿದ್ಯಾರ್ಥಿ ತನ್ನ ಜಾಗದಿಂದ ಎದ್ದು ಬಂದು, ನೋಡಿ, ಹಿಂದಿರುಗಿ ಬರೆಯಬೇಕು. ಎ ಎಂದರೆ ನಮ್ಮ ದಾಸ್ತಾನು ಪುಸ್ತಕದ ನೂರಾಹದಿನೇಳು, ಅಂದರೆ ಹಾವಸೆ. ಮಳೆಗಾಲದಲ್ಲಿ ಗೋಡೆಯ ಮೇಲೆ ಹಸಿರು ಮಖಮಲ್ಲಿನಂತೆ ಹಬ್ಬುತ್ತದಲ್ಲ, ಅದು. ಬಿ ಎಂದರೆ ನೂರಾಹದಿನೆಂಟು, ಬಾಟಲಿಯಲ್ಲಿಟ್ಟ ಲಿವರ್‌ವರ್ಟ್, ನೆಲಕ್ಕೆ ಚಪ್ಪಟೆಯಾಗಿ ಅಂಟಿ ಬೆಳೆಯುವ ಹಾವಸೆಯ ದಾಯಾದಿ. ಈ ಜೋಡಿ ನಾನು ಸೇರುವ ಮೊದಲಿನಿಂದಲೂ ಬದಲಾಗಿರಲಿಲ್ಲ. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಉತ್ತರವನ್ನು ಹಳೆಯ ಜರ್ನಲ್ ಜೊತೆಗೇ ಕೊಟ್ಟು ಹೋಗುತ್ತಿದ್ದರು. ನಮಗೂ ಗೊತ್ತಿತ್ತು. ಮೌಲ್ಯಮಾಪನ ಬೇಗ ಮುಗಿಯುತ್ತದೆ ಎಂದು ನಾವೂ ಸುಮ್ಮನಿದ್ದೆವು.

ಮಾದರಿಗಳನ್ನು ತಂದು ಇಡುತ್ತಿದ್ದವನು ದಾವಲಸಾಬ. ಸಸ್ಯಶಾಸ್ತ್ರಕ್ಕೂ ಪ್ರಾಣಿಶಾಸ್ತ್ರಕ್ಕೂ ಅವನೊಬ್ಬನೇ ಅಟೆಂಡರ್. ನಾನು ಚೀಟಿಯಲ್ಲಿ ನಂಬರು ಬರೆದು ಕೊಟ್ಟರೆ ಸಾಕು, ಮಿಕ್ಕದ್ದು ಅವನದು. ಪರೀಕ್ಷೆಯಲ್ಲಿ ಬಾಟಲಿಯ ಮೇಲಿನ ಹೆಸರು ಕಾಣಬಾರದು. ಪ್ರಾಣಿಶಾಸ್ತ್ರದವರು ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸುತ್ತಿದ್ದರು. ನಾವು ಸೋಮಾರಿಗಳು, ಹೆಸರು ಗೋಡೆಯ ಕಡೆ ಹೋಗುವಂತೆ ಬಾಟಲಿಯನ್ನೇ ತಿರುಗಿಸಿ ಇಡಿಸುತ್ತಿದ್ದೆವು. ಎರಡು ವಿಭಾಗಗಳ ನಡುವೆ ಇದಕ್ಕಿಂತ ದೊಡ್ಡ ಸೈದ್ಧಾಂತಿಕ ಭಿನ್ನಾಭಿಪ್ರಾಯ ನನಗೆ ನೆನಪಿಲ್ಲ.

ನನ್ನ ಪ್ರಯೋಗಾಲಯಕ್ಕೆ ಹೋಗುವ ದಾರಿ ಪ್ರಾಣಿಶಾಸ್ತ್ರದ ಮ್ಯೂಸಿಯಮ್ಮಿನ ಒಳಗಿನಿಂದಲೇ ಇತ್ತು. ಹೋಗುವಾಗ ಎಡಗಡೆ ಗಾಜಿನ ಕಪಾಟು, ಅದರ ಮಧ್ಯದ ಸಾಲಿನಲ್ಲಿ ಒಂದು ದೊಡ್ಡ ಬಾಟಲಿ, ಅದರಲ್ಲಿ ಅಪೋಸಮ್. ಕಾಂಗರೂವಿನ ಹಾಗೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಪ್ರಾಣಿ. ಬೆಕ್ಕಿನ ಗಾತ್ರ, ಬೋಳು ಬಾಲ. ಅಮೆರಿಕದಲ್ಲಿ ನಮ್ಮ ಹೆಗ್ಗಣದಷ್ಟೇ ಸಾಮಾನ್ಯವಂತೆ, ಕಸದ ತೊಟ್ಟಿಯ ಸುತ್ತ ಓಡಾಡುತ್ತದಂತೆ. ಯಾವ ಕಾಲದಲ್ಲಿ ಯಾರು ತರಿಸಿದರೋ, ನಮ್ಮಲ್ಲಿಗೆ ಫಾರ್ಮಾಲಿನ್ನಿನಲ್ಲಿ ಮುಳುಗಿ ಬಂದು ನಿಂತಿತ್ತು. ದಾವಲಸಾಬ ಅದನ್ನು ಅಮೆರಿಕಾದ ಹೆಗ್ಗಣ ಎಂದೇ ಕರೆಯುತ್ತಿದ್ದ. ನಾನು ಹೇಳುತ್ತಿರುವ ಪರೀಕ್ಷೆಯ ಹೊತ್ತಿಗೆ ಹದಿನಾರು ವರ್ಷದಿಂದ ದಿನಕ್ಕೆ ನಾಲ್ಕು ಸಲ ಅದರ ಪಕ್ಕದಲ್ಲಿ ಹಾದು ಹೋಗುತ್ತಿದ್ದೆ.

ಇನ್ನು ನನ್ನ ಹಾವಸೆ. ಆ ವರ್ಷ ಮಳೆಗಾಲದಲ್ಲಿ ಧಾರವಾಡದ ಆಚೆ ಒಂದು ಹಾಳು ಬಾವಿಯ ಒಳಗೋಡೆಯಲ್ಲಿ ನಾನು ಎಂದೂ ನೋಡಿರದ ಹಾವಸೆ ಸಿಕ್ಕಿತು. ಇಳಿಯುವಾಗ ಒಂದು ಚಪ್ಪಲಿ ಬಾವಿಗೆ ಬಿತ್ತು. ಬಸ್‌ಸ್ಟ್ಯಾಂಡಿನ ಓಟಕ್ಕೆ ನನ್ನ ನೆನಪು ಚಪ್ಪಲಿಯನ್ನು ಇಲ್ಲಿಂದಲೇ ಎತ್ತಿಕೊಂಡು ಹೋಗಿರಬೇಕು ಎಂಬ ಗುಮಾನಿ ನನಗಿದೆ. ಹಾವಸೆಯ ತುಣುಕನ್ನು ದೂರದ ಒಬ್ಬ ತಜ್ಞರಿಗೆ ಕಳಿಸಿದೆ. ಇದು ಅಪರೂಪದ್ದು, ಕೆಲವೇ ಕಡೆ ಸಿಕ್ಕಿದೆ, ಕಡ್ಡಿಯ ತುದಿಯಲ್ಲಿ ಬಿಡುವ ಕಾಯಿ ಬಲಿತದ್ದು ಸಿಕ್ಕರೆ ಕಳಿಸಿ, ಆಮೇಲೆ ಖಚಿತವಾಗಿ ಹೇಳುತ್ತೇನೆ ಎಂದು ಅವರು ಕಾರ್ಡು ಬರೆದರು. ನಾನು ಅಪರೂಪದ್ದು ಎಂಬ ಪದದವರೆಗೆ ಓದಿ ಕಾರ್ಡನ್ನು ಕಿಸೆಯಲ್ಲಿಟ್ಟುಕೊಂಡು ಮೂರು ತಿಂಗಳು ತಿರುಗಿದೆ. ತರಕಾರಿ ಅಂಗಡಿಯವನಿಗೂ ತೋರಿಸಿದೆ. ಅವನು ಕೊತ್ತಂಬರಿಗೆ ದರ ಕಡಿಮೆ ಮಾಡಲಿಲ್ಲ.

ಪರೀಕ್ಷೆಗೆ ಹೊರಗಿನ ಪರೀಕ್ಷಕರಾಗಿ ಗದಗಿನ ಕಡೆಯಿಂದ ಒಬ್ಬ ಹಿರಿಯ ಮೇಡಂ ಬರುವವರಿದ್ದರು. ಅವರ ಎದುರು ಮೆರೆಯಬೇಕೆಂದು, ಆ ವರ್ಷ ಎ ಜಾಗದಲ್ಲಿ ಹಳೆಯ ಹಾವಸೆಯ ಬದಲು ನನ್ನ ಅಪರೂಪದ ಹಾವಸೆಯನ್ನು ಇಡಲು ನಿರ್ಧರಿಸಿದೆ. ಅದನ್ನು ಪ್ರಾಣಿಶಾಸ್ತ್ರದ ಕಪಾಟಿನಲ್ಲಿ ಇಟ್ಟಿದ್ದೆ, ಏಕೆಂದರೆ ಬೀಗ ಇದ್ದದ್ದು ಅದಕ್ಕೊಂದೇ. ದಾವಲಸಾಬನಿಗೆ ಕೊಟ್ಟ ಚೀಟಿಯಲ್ಲಿ ಹೀಗೆ ಬರೆದೆ: ಪ್ರಾಣಿಶಾಸ್ತ್ರದ ಕಪಾಟಿನಿಂದ ನನ್ನ ಹಾವಸೆಯ ಪೊಟ್ಟಣ, ಮತ್ತು ನೂರಾಹದಿನೆಂಟು.

ಪ್ರಾಣಿಶಾಸ್ತ್ರಕ್ಕೂ ತನ್ನದೇ ದಾಸ್ತಾನು ಪುಸ್ತಕವಿತ್ತು. ಅದರ ನೂರಾಹದಿನೆಂಟು ಎಂದರೆ ಅಪೋಸಮ್. ದಾವಲಸಾಬ ಚೀಟಿಯಲ್ಲಿ ಬರೆದದ್ದನ್ನು ಅಕ್ಷರಶಃ ಮಾಡಿದ. ಪೊಟ್ಟಣ ಬಿಚ್ಚಿ, ತುಸು ನೀರು ಚಿಮುಕಿಸಿ, ಹಾವಸೆಯನ್ನು ಗಾಜಿನ ತಟ್ಟೆಯಲ್ಲಿ ಇಟ್ಟ. ಪಕ್ಕದಲ್ಲಿ ಅಪೋಸಮ್ ಇಟ್ಟ. ನಮ್ಮ ವಿಭಾಗದ ಪದ್ಧತಿಯಂತೆ ಹೆಸರು ಗೋಡೆಯ ಕಡೆ ಮಾಡಿ ಬಾಟಲಿ ತಿರುಗಿಸಿದ. ಎ ಮತ್ತು ಬಿ ಎಂಬ ಚೀಟಿಗಳನ್ನು ಅವುಗಳ ಮುಂದೆ ಒರಗಿಸಿದ.

ಹದಿನೆಂಟು ಮಂದಿ ಪರೀಕ್ಷೆಗೆ ಕುಳಿತಿದ್ದರು. ಆ ಮೇಜು ಕಿಟಕಿಯ ಮೂಲೆಯಲ್ಲಿತ್ತು. ಹಿಂದಿನಿಂದ ನೋಡಿದರೆ ಒಂದು ತಟ್ಟೆ, ಒಂದು ಬಾಟಲಿ. ಪ್ರತಿ ವರ್ಷವೂ ಅಷ್ಟೇ ಇರುತ್ತಿತ್ತು. ಉತ್ತರ ಬಾಯಿಪಾಠವಿರುವಾಗ ಎದ್ದು ಹೋಗುವುದೇಕೆ? ಆ ಸಮಯದಲ್ಲಿ ಇನ್ನೊಂದು ಪ್ರಶ್ನೆಗೆ ಕಾಂಡವನ್ನು ತೆಳ್ಳಗೆ ಕೊಯ್ಯಬಹುದು. ಒಬ್ಬಿಬ್ಬರಿಗೆ ಬಾಲ ಕಂಡಿತ್ತಂತೆ. ನಾಳೆಯ ಪ್ರಾಣಿಶಾಸ್ತ್ರದ ಪರೀಕ್ಷೆಯ ಸಾಮಾನು ಇಲ್ಲೇ ಉಳಿದಿದೆ ಎಂದುಕೊಂಡರಂತೆ. ನಾನು ಎಲ್ಲಿದ್ದೆ? ಮೇಡಂಗೆ ಚಹಾ ಕೊಡಿಸುತ್ತ, ಬಾವಿಯ ಕಥೆ ಹೇಳುತ್ತಿದ್ದೆ ಎಂದು ಕಾಣುತ್ತದೆ. ಅವರು ಹಾವಸೆಯನ್ನು ನೋಡೋಣವೇ ಎಂದರೋ ಇಲ್ಲವೋ ನೆನಪಿಲ್ಲ. ನೋಡಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಎದ್ದು ಹೋಗಿ ನೋಡಿದವಳು ಒಬ್ಬಳೇ, ರೇಣುಕಾ. ಬೆಂಗೇರಿಯಿಂದ ಬರುತ್ತಿದ್ದ ಹುಡುಗಿ. ತಾಯಿ ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದರು. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಬೇಕೆಂಬುದು ಅವಳ ಹಟ. ಅದಕ್ಕೆ ಪ್ರಾಯೋಗಿಕದಲ್ಲಿ ಪ್ರಥಮ ದರ್ಜೆ ಬರಲೇಬೇಕಿತ್ತು, ಅದನ್ನು ಅವಳು ನನಗೆ ಎರಡು ಸಲ ಹೇಳಿದ್ದಳು.

ಅಂದು ಮಧ್ಯಾಹ್ನ ಮೇಡಂ ಕೊಯ್ತಗಳನ್ನು ನೋಡಿದರು, ನಾನು ಹೋಲಿಕೆಯ ಉತ್ತರಗಳನ್ನು ನೋಡಿದೆ. ಹದಿನೇಳು ಉತ್ತರಗಳಲ್ಲಿ ಹಳೆಯ ಹಾವಸೆಯೂ ಲಿವರ್‌ವರ್ಟೂ ಅಚ್ಚುಕಟ್ಟಾಗಿ ಇದ್ದವು. ಎಂಟು, ಒಂಬತ್ತು, ಒಂಬತ್ತೂವರೆ. ರೇಣುಕಾಳ ಉತ್ತರ ಇಂಗ್ಲಿಷಿನಲ್ಲಿ ಅರ್ಧ ಪುಟ ಇತ್ತು. ಕನ್ನಡದಲ್ಲಿ ಹೇಳಿದರೆ ಹೆಚ್ಚುಕಡಿಮೆ ಹೀಗೆ:

ಎ ಮತ್ತು ಬಿ ಎರಡರಲ್ಲೂ ಮರಿ ತಾಯಿಯ ಮೈಗೆ ಅಂಟಿಕೊಂಡಿದೆ, ಅಲ್ಲಿಂದಲೇ ಆಹಾರ ತೆಗೆದುಕೊಳ್ಳುತ್ತದೆ. ಎ ಯಲ್ಲಿ ಏಳು ಮರಿಗಳು ಒಂದೊಂದು ಕಡ್ಡಿಯ ತುದಿಯಲ್ಲಿ ನಿಂತಿವೆ, ನಾಲ್ಕರ ತಲೆಯ ಮೇಲೆ ತಾಯಿಯ ಮೈಯಿಂದಲೇ ಆದ ಟೊಪ್ಪಿಗೆ ಇದೆ, ಮೂರರದು ಬಿದ್ದಿದೆ. ಬಿ ಯಲ್ಲಿ ತಾಯಿಯ ಹೊಟ್ಟೆಯ ಚರ್ಮವೇ ಚೀಲವಾಗಿದೆ, ಅದರೊಳಗೆ ಐದು ಮರಿಗಳಿವೆ, ಒಂದೊಂದೂ ಬೇರೆ ಬೇರೆ ಮೊಲೆಗೆ ಕಚ್ಚಿಕೊಂಡಿದೆ. ವ್ಯತ್ಯಾಸ: ಬಿ ಯ ಮರಿಗಳು ಬೆಳೆದ ಮೇಲೆ ಬಿಟ್ಟು ಹೋಗಬಹುದು. ಎ ಯ ಮರಿ ತಾಯಿಯನ್ನು ಎಂದೂ ಬಿಟ್ಟು ಹೋಗುವುದಿಲ್ಲ.

ಹುಡುಗಿಗೆ ಪರೀಕ್ಷೆಯ ಭಯಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಸೊನ್ನೆ ಹಾಕಿದೆ. ದುಂಡಗೆ, ಕೆಂಪಾಗಿ, ಗಾಳಿಗುಳ್ಳೆಯ ಹಾಗೆ.

ಅಂಕಪಟ್ಟಿಗೆ ಸಹಿ ಮಾಡಿ ಮೇಡಂ ಹೊರಟರು. ಲಕೋಟೆಗೆ ಅರಗು ಹಚ್ಚುವುದಷ್ಟೇ ಬಾಕಿ. ಆಗ ದಾವಲಸಾಬ ಬಾಟಲಿಯನ್ನು ಎದೆಗವಚಿಕೊಂಡು ಬಂದು, "ಸಾಹೇಬ್ರ, ಈ ಹೆಗ್ಗಣಾನ ವಾಪಸ್ ಇಟ್ಟು ಬರ್ಲ್ಯಾ?" ಎಂದ.

ಇದು ಇಲ್ಲಿಗೇಕೆ ಬಂತು ಎಂದು ಕೇಳಿದೆ. ಅವನು ಒಂದು ಕೈಯಲ್ಲಿ ಬಾಟಲಿ ಸಂಭಾಳಿಸುತ್ತ ಇನ್ನೊಂದರಿಂದ ಕಿಸೆಯ ಚೀಟಿ ತೆಗೆದು ನನಗೇ ಓದಲು ಕೊಟ್ಟ. ನನ್ನದೇ ಅಕ್ಷರ. ಆ ಕ್ಷಣ ನಾನು ಏನು ಮಾಡಬೇಕಿತ್ತು ಎಂಬುದನ್ನು ಇದನ್ನು ಓದುತ್ತಿರುವ ಯಾವ ಹೊಸ ಉಪನ್ಯಾಸಕರೂ ಹೇಳಬಲ್ಲರು. ಬಾಟಲಿ ನನ್ನ ಮೂಗಿನಿಂದ ಎರಡು ಅಡಿ ದೂರದಲ್ಲಿತ್ತು. ನಾನು ಹೇಳಿದ್ದು, "ಲಗೂ ಒಯ್ದ ಇಡೋ ಮಾರಾಯ, ಯಾರರ ನೋಡ್ಯಾರು." ಅವನು ಒಯ್ದು ಇಟ್ಟು, ಬೀಗ ಹಾಕಿ, ಸ್ಕೂಟರ್ ಹತ್ತಿ ನಿಂತಿದ್ದ ಪ್ರಾಣಿಶಾಸ್ತ್ರದ ಮುಖ್ಯಸ್ಥರಿಗೆ ಕೀಲಿ ಕೊಟ್ಟು ಬಂದ. ಅವರು ಧಾರವಾಡಕ್ಕೆ ಹೋದರು.

ಇಲ್ಲಿಯವರೆಗಿನದು ಬಹುಮಟ್ಟಿಗೆ ಖರೆ. ಮುಂದೆ ನನ್ನ ಪ್ರಸಿದ್ಧ ಓಟ ಬರುತ್ತದೆ. ಮನಸ್ಸಾಕ್ಷಿ ಚುಚ್ಚಿ, ನಾನು ಹಳೇ ಬಸ್‌ಸ್ಟ್ಯಾಂಡಿಗೆ ಓಡಿ, ಗದಗಿನ ಬಸ್ಸಿನ ಮೆಟ್ಟಿಲ ಮೇಲಿದ್ದ ಮೇಡಂ ಅವರನ್ನು ಕೈಮುಗಿದು ಕರೆತಂದೆ ಎಂಬುದು ನಲವತ್ತು ಸಲ ಹೇಳಿದ ಕಥೆ. ಆದರೆ ಬಾಟಲಿ ಬಚ್ಚಿಡಲು ಹೇಳಿದ ಮನುಷ್ಯ ಹತ್ತೇ ನಿಮಿಷದಲ್ಲಿ ಬರಿಗಾಲಲ್ಲಿ ಓಡಿದ ಎಂದರೆ, ಬೇರೆಯವರ ಬಾಯಿಂದ ಕೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಹೇಗೋ ಮೇಡಂ ಹಿಂದಿರುಗಿ ಬಂದರು. ಕುಳಿತು ರೇಣುಕಾಳ ಅರ್ಧ ಪುಟವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು. ಈ ಹೋಲಿಕೆ ತಮಗೆ ಇಷ್ಟು ವರ್ಷ ಹೊಳೆದಿರಲಿಲ್ಲ ಎಂದರು. ಹಾವಸೆಯ ಕಾಯಿ ನಿಜಕ್ಕೂ ತಾಯಿಗಿಡದ ಮೇಲೇ ನಿಂತು ಅದರಿಂದಲೇ ಉಣ್ಣುತ್ತದೆ, ಟೊಪ್ಪಿಗೆ ನಿಜಕ್ಕೂ ತಾಯಿಯ ಮೈಯದ್ದೇ. ಪುಸ್ತಕದಲ್ಲಿ ಇರುವ ಮಾತೇ. ಆದರೆ ಪುಸ್ತಕದಲ್ಲಿ ಪಕ್ಕದಲ್ಲಿ ಅಪೋಸಮ್ ಇರುವುದಿಲ್ಲ. ಬಾಟಲಿ ತರಿಸಿ ಎಂದರು. ಬೀಗ, ಕೀಲಿ, ಧಾರವಾಡ ಎಂದೆ. ಹಾವಸೆಯ ತಟ್ಟೆಯನ್ನು ಅಷ್ಟು ಹೊತ್ತಿಗೆ ದಾವಲಸಾಬ ತೊಳೆದಿದ್ದ. ಹೌದು, ನನ್ನ ಅಪರೂಪದ ಹಾವಸೆ ಮೋರಿಯಲ್ಲಿ ಹೋಯಿತು. ಮೇಡಂ ಅದನ್ನು ಕೊನೆಗೂ ನೋಡಲಿಲ್ಲ.

"ಐದು ಮರಿ ಅಂತ ಬರದಾಳ. ಅದಾವೇನ್ರಿ ಆ ಬಾಟ್ಲ್ಯಾಗ?" ಎಂದರು ಮೇಡಂ.

"ಇಲ್ರಿ."

"ಖಾತ್ರಿ ಏನು?"

"ಖಾತ್ರಿರಿ ಮೇಡಂ. ಹದಿನಾರು ವರ್ಷ ಆತು, ದಿನಾ ನೋಡ್ತೇನಿ. ಯಾವುದೋ ಪುಸ್ತಕದಾಗಿನ ಚಿತ್ರ ನೆನಪ ಮಾಡ್ಕೊಂಡು ಬರದಾಳ."

ಬಾಗಿಲಲ್ಲಿ ದಾವಲಸಾಬ ನಿಂತಿದ್ದ. ಮೇಡಂ ಪೆನ್ನು ಎತ್ತಿಕೊಂಡು, "ಹಂಗಾದ್ರ ಅರ್ಧ ಕೊಡೂಣು. ಹೋಲಿಕಿ ಖರೇ ಐತಿ, ಎಣಿಕಿ ಖರೇ ಇಲ್ಲ. ಕಾಣಲಾರದ್ದನ್ನ ಕಂಡೇನಿ ಅಂತ ಬರೀಬಾರದು," ಎಂದು ಸೊನ್ನೆ ಹೊಡೆದು ಐದು ಹಾಕಿದರು. ಉಳಿದ ಹದಿನೇಳು ಮಂದಿ ಲಿವರ್‌ವರ್ಟ್ ಎಲ್ಲಿ ಕಂಡರು ಎಂದು ಅವರು ಕೇಳಿದಾಗ ನಾನು ಪರೀಕ್ಷೆ ರದ್ದಾಗುವ ಭಯದಲ್ಲಿ ಗೋಗರೆದೆ. ತಪ್ಪು ನನ್ನದಾದ್ದರಿಂದ ಆ ಮಕ್ಕಳ ಅಂಕ ಹಾಗೇ ಉಳಿದವು. ಕಾಣದ್ದನ್ನು ಬರೆದ ಹದಿನೇಳು ಮಂದಿಗೆ ಎಂಟು, ಒಂಬತ್ತು. ಎದ್ದು ಹೋಗಿ ನೋಡಿದವಳಿಗೆ, ಕಾಣದ್ದನ್ನು ಬರೆದಳೆಂದು, ಐದು.

ಪ್ರಾಯೋಗಿಕದಲ್ಲಿ ರೇಣುಕಾಳಿಗೆ ಪ್ರಥಮ ದರ್ಜೆ ಮೂರು ಅಂಕದಿಂದ ತಪ್ಪಿತು. ಆ ವರ್ಷ ಎಂ.ಎಸ್ಸಿ. ಸೀಟು ಸಿಗಲಿಲ್ಲ. ಮೂರು ಅಂಕ ಬೇರೆಲ್ಲೋ ಹೋಗಿರಬೇಕು ಎಂದು ನಾನು ನನಗೆ ಹೇಳಿಕೊಂಡೆ. ಕಾಂಡದ ಕೊಯ್ತ ದಪ್ಪ ಆಗಿತ್ತಲ್ಲ ಎಂದೂ ಹೇಳಿಕೊಂಡೆ. ಆಮೇಲೆ ಹದಿನೇಳು ವರ್ಷ ಅದೇ ಕಪಾಟಿನ ಪಕ್ಕದಲ್ಲಿ ದಿನಕ್ಕೆ ನಾಲ್ಕು ಸಲ ಹಾದು ಹೋದೆ. ಒಂದು ದಿನವೂ ಬಾಟಲಿಯನ್ನು ತಿರುಗಿಸಲಿಲ್ಲ. ಮರೆತೆ ಎಂದು ಬರೆಯಬಹುದಿತ್ತು. ಆದರೆ ನೆನಪಿನ ಬಗ್ಗೆ ಇಷ್ಟೆಲ್ಲ ಅನುಮಾನ ಪಡುವವನು, ಅನುಕೂಲವಾದ ಕಡೆ ಮಾತ್ರ ಮರೆವನ್ನು ನಂಬುವುದು ಸರಿಯಲ್ಲ. ಕಪಾಟಿನ ಹತ್ತಿರ ಬಂದಾಗ ನಾನು ಬಲಗಡೆ ನೋಡುತ್ತಿದ್ದೆ. ಬಲಗಡೆ ಗೋಡೆಯಿತ್ತು, ಗೋಡೆಯ ಮೇಲೆ ಏನೂ ಇರಲಿಲ್ಲ.

ಕಳೆದ ಜೂನ್‌ನಲ್ಲಿ ಕುಕ್ಕರಿನ ರಬ್ಬರ್ ತರಲು ದುರ್ಗದಬೈಲಿಗೆ ಹೋಗಿದ್ದೆ. ಪಕ್ಕದ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳು ಒಂದು ಡಜನ್ ಭೂತಗನ್ನಡಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದರು. ಗೀರು ಬಿದ್ದ ಎರಡನ್ನು ಅಂಗಡಿಯವನಿಗೆ ತಿರುಗಿ ಕೊಟ್ಟು, ನನ್ನ ಕಡೆ ನೋಡಿ, "ಸರ್, ಗುರ್ತ ಸಿಗ್ಲಿಲ್ಲೇನ್ರಿ? ನಾನ್ರಿ, ರೇಣುಕಾ," ಎಂದರು. ಒಂದು ವರ್ಷ ಕಾದು ನೋಡಿ, ಆಮೇಲೆ ಬಿ.ಎಡ್. ಮಾಡಿ, ಈಗ ಬೆಂಗೇರಿಯ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮಾತಿನಲ್ಲಿ ಕಹಿ ಇರಲಿಲ್ಲ. ನನಗೆ ಅಷ್ಟಕ್ಕೇ ಧೈರ್ಯ ಬಂದು, ನಿನಗಾಗಿ ಅಂದು ನಾನು ಬಸ್‌ಸ್ಟ್ಯಾಂಡಿಗೆ ಓಡಿದ್ದು ಗೊತ್ತೇ ಎಂದು ಕಥೆ ಶುರು ಮಾಡಿದೆ. ನಲವತ್ತೊಂದನೆಯ ಸಲ. ಚಪ್ಪಲಿಯವರೆಗೆ ಬಂದಿದ್ದೆ, ಅವಳು ನಗತೊಡಗಿದಳು.

"ನೀವೆಲ್ಲಿ ಓಡಿದ್ರಿ ಸರ್? ನಾ ಅಲ್ಲೇ ಬೆಂಗೇರಿ ಬಸ್ಸಿಗೆ ನಿಂತಿದ್ದೆ. ದಾವಲಕಾಕಾ ಸೈಕಲ್ ಮ್ಯಾಲೆ ಬಂದು ಮೇಡಂ ಅವರ್ನ ಕರಕೊಂಡು ಹೋದ್ರು. ಒಬ್ಬ ಹುಡುಗೀಗೆ ಅನ್ಯಾಯ ಆಗೇತ್ರಿ ಅಂದ್ರು. ಅದು ನಾನ ಅಂತ ನನಗ ಗೊತ್ತಿರ್ಲಿಲ್ಲ."

ಮೇಡಂ ಸೈಕಲ್ಲಿನ ಹಿಂದೆ ಕುಳಿತರೇ ಎಂದು ಕೇಳಿದೆ. ಅದು ನೆನಪಿಲ್ಲ, ಆಟೋ ಇರಬೇಕು ಎಂದಳು. ನೋಡಿ, ಅವಳದೂ ನೆನಪೇ, ಸೈಕಲ್ ಇದ್ದಲ್ಲಿ ಆಟೋ ಬರುವಂಥದು ಎಂದು ನನ್ನೊಳಗಿನ ಸಂಶಯವಾದಿ ಹಿಗ್ಗಿದ. ಅವಳು ಭೂತಗನ್ನಡಿಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಕೇಳಿದಳು.

"ಅದು ಬಿಡ್ರಿ. ಮರಿ ಎಣಿಸಿದ್ರೇನು?"

ನಾನು ಕುಕ್ಕರಿನ ರಬ್ಬರನ್ನು ನೋಡಿದೆ.

"ಪುಸ್ತಕದಾಗಿಂದ ಬರದಾಳ ಅಂದ್ರಂತ. ಕಾಕಾ ಹೇಳಿದ್ರು. ನಾ ಪ್ರಾಣಿಶಾಸ್ತ್ರ ತಗೊಂಡಿರ್ಲಿಲ್ಲ ಸರ್, ಭೂಗರ್ಭಶಾಸ್ತ್ರ ಇತ್ತು. ಆ ಪ್ರಾಣಿ ಹೆಸರ ನನಗ ಗೊತ್ತಿರ್ಲಿಲ್ಲ. ಮೊದಲ ಎಣಸ್ರಿ, ಆಮ್ಯಾಲೆ ಹೆಸರು ಅಂತ ನೀವ ಹೇಳಿದ್ರಲ್ಲ. ಹೆಸರು ಬರಲಾರದ್ದಕ್ಕ ಎಣಿಸಿದ್ದಷ್ಟ ಬರದೆ."

ಖರೇ. ಉತ್ತರದಲ್ಲಿ ಆ ಪ್ರಾಣಿಯ ಹೆಸರು ಎಲ್ಲಿಯೂ ಇರಲಿಲ್ಲ. ಬಿ, ಬಿ ಎಂದೇ ಬರೆದಿದ್ದಳು. ಚಿತ್ರ ನೋಡಿ ಬಾಯಿಪಾಠ ಮಾಡಿದವಳು ಚಿತ್ರದ ಕೆಳಗಿನ ಹೆಸರನ್ನು ಬಿಡುತ್ತಾಳೆಯೇ? ಈ ಸಾಮಾನ್ಯ ತರ್ಕ ಇಪ್ಪತ್ತು ವರ್ಷ ನನಗೆ ಹೊಳೆದಿರಲಿಲ್ಲ.

ಮರುದಿನ ಹಳೇ ಹುಬ್ಬಳ್ಳಿಯಲ್ಲಿ ದಾವಲಸಾಬನ ಮನೆ ಹುಡುಕಿಕೊಂಡು ಹೋದೆ. ಸೈಕಲ್ ವಿಷಯ ಕೇಳಿದೆ. ಅವನಿಗೆ ಈಗ ಕಿವಿ ಮಂದ, ಎರಡು ಸಲ ಕೂಗಬೇಕಾಯಿತು. ಯಾರೂ ಓಡಲಿಲ್ಲ, ಯಾರೂ ಸೈಕಲ್ ಹೊಡೆಯಲಿಲ್ಲ, ಮೇಡಂ ಮೇಜಿನ ಮೇಲೆ ಕೊಡೆ ಮರೆತಿದ್ದರು, ತಾವೇ ಅದಕ್ಕಾಗಿ ಬಂದರು ಎಂದ. ಏಪ್ರಿಲ್ಲಿನಲ್ಲಿ ಕೊಡೆ ಏಕೆ ಎಂದೆ. ಬಿಸಿಲಿಗೆ ಎಂದ. ಹಾಗಾದರೆ ರೇಣುಕಾಳಿಗೆ ಇದೆಲ್ಲ ತಿಳಿಸಿದವರು ಯಾರು ಎಂದೆ. ಚಹಾ ಮುಂದೆ ತಳ್ಳಿದ. ಒಳ್ಳೆಯ ಕೆಲಸವನ್ನು ನಾನು ಮಾಡಿದೆ ಎಂದು ನಾನು ಹೇಳುತ್ತೇನೆ, ತಾನು ಮಾಡಲಿಲ್ಲ ಎಂದು ಅವನು ಹೇಳುತ್ತಾನೆ. ಇಬ್ಬರಲ್ಲಿ ಯಾರನ್ನು ನಂಬಬೇಕು ಎಂಬುದು ಓದುವವರಿಗೆ ಬಿಟ್ಟದ್ದು.

"ಆದ್ರ ನೀವು ಖಾತ್ರಿರಿ ಅಂದದ್ದು ನೆನಪೈತ್ರಿ ಸಾಹೇಬ್ರ," ಎಂದ. "ನನ್ನ ಕಡೆ ನೋಡಿ ಅಂದ್ರಿ. ನಾ ಏನಂತ ಹೇಳಲಿ."

ನೀನು ಬಾಟಲಿ ಹೊತ್ತವನು, ಮರಿಗಳನ್ನು ನೋಡಲಿಲ್ಲವೇ ಎಂದು ಕೇಳಿದೆ.

"ನಾ ಹೊರಾವ್ರಿ. ಬಾಟ್ಲಿ ಬೀಳಬಾರದಂತ ನೆಲಾ ನೋಡ್ತಿದ್ದೆ. ನೋಡೋ ಕೆಲಸಾ ನಿಮ್ಮದಿತ್ತು."

ಹೀಗೆ ಮೂವರ ನೆನಪುಗಳು ಮೂರು ದಾರಿ ಹಿಡಿದವು. ಅಂದಿನ ಅಂಕಪಟ್ಟಿಯ ನಮ್ಮ ಪ್ರತಿ, ಉತ್ತರಪತ್ರಿಕೆಗಳ ಜೊತೆ, ಯಾವಾಗಲೋ ರದ್ದಿಗೆ ಹೋಗಿದೆ. ಹಾವಸೆ ಮೋರಿಗೆ ಹೋಯಿತು. ಆ ಬಾವಿಯನ್ನು ಮುಚ್ಚಿ ಈಗ ಮೇಲೆ ಮನೆಗಳಾಗಿವೆ, ಹಾಗಾಗಿ ಅದು ನಿಜಕ್ಕೂ ಅಪರೂಪದ್ದೇ ಆಗಿತ್ತೇ ಎಂಬುದೂ ಗೊತ್ತಾಗುವಂತಿಲ್ಲ. ತಜ್ಞರು ಕೇಳಿದ್ದ ಬಲಿತ ಕಾಯಿಗಳು ಅಂದು ತಟ್ಟೆಯಲ್ಲಿ ಇದ್ದವು ಎಂಬುದಕ್ಕೆ ಇದ್ದ ಒಂದೇ ದಾಖಲೆ ರೇಣುಕಾಳ ಉತ್ತರ: ಏಳು, ಮೂರರ ಟೊಪ್ಪಿಗೆ ಬಿದ್ದಿದೆ. ಟೊಪ್ಪಿಗೆ ಬೀಳುವುದು ಬಲಿತ ಮೇಲೆಯೇ. ಅದನ್ನು ಓದಿಯೂ ನಾನು ಸೊನ್ನೆ ಹಾಕಿದ್ದೆ. ಉಳಿದದ್ದು ಅಪರೂಪವಲ್ಲದ ವಸ್ತು ಒಂದೇ.

ಕಾಲೇಜಿಗೆ ಹೋದೆ. ಮ್ಯೂಸಿಯಮ್ಮು ಈಗ ಕಂಪ್ಯೂಟರ್ ಕೋಣೆಯಾಗಿದೆ, ಬಾಟಲಿಗಳೆಲ್ಲ ಮೆಟ್ಟಿಲ ಕೆಳಗಿನ ಗೂಡಿನಲ್ಲಿವೆ. ಪ್ರಾಣಿಶಾಸ್ತ್ರಕ್ಕೆ ಹೊಸದಾಗಿ ಬಂದಿರುವ ಅತಿಥಿ ಉಪನ್ಯಾಸಕಿ ಬೀಗ ತೆಗೆದುಕೊಟ್ಟರು. ತರಗತಿಯಲ್ಲಿ ಈಗ ಅಪೋಸಮ್ಮಿನ ಫೋಟೋ ತೋರಿಸುತ್ತಾರಂತೆ. ಫೋನಿನಲ್ಲಿ ನನಗೂ ತೋರಿಸಿದರು. ಇದೇ ಬಾಟಲಿಯ ಫೋಟೋ, ಹೆಸರು ಕಾಣುವ ಕಡೆಯಿಂದ ತೆಗೆದದ್ದು. ಬೆನ್ನು, ಬಾಲ.

ಫಾರ್ಮಾಲಿನ್ ಹಳದಿಯಾಗಿತ್ತು. ಯಾರೋ ಬಹಳ ಹಿಂದೆ ಹೆಸರಿನ ಕಾಗದವನ್ನು ಪ್ರಾಣಿಯ ಬೆನ್ನಿನ ಕಡೆ ಅಂಟಿಸಿಬಿಟ್ಟಿದ್ದರು, ಅಷ್ಟೇ ವಿಷಯ. ಪ್ರಾಣಿಶಾಸ್ತ್ರದವರು ಪರೀಕ್ಷೆಯಲ್ಲಿಯೂ ಬಾಟಲಿ ತಿರುಗಿಸುತ್ತಿರಲಿಲ್ಲವಾದ್ದರಿಂದ, ಅದರ ಹೊಟ್ಟೆ ಜನರ ಕಡೆ ಮುಖ ಮಾಡಿದ್ದು ಬಹುಶಃ ಆ ಒಂದು ಬೆಳಿಗ್ಗೆ ಮಾತ್ರ, ನಮ್ಮ ಸೋಮಾರಿ ಪದ್ಧತಿಯಿಂದಾಗಿ. ನಾನು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ. ಟಾರ್ಚು ಹಾಕಿ ನೋಡಿದೆ. ಒಂದು ಸಲ ಎಣಿಸಿದೆ. ನನ್ನ ಮೇಲೆ ನಂಬಿಕೆಯಿಲ್ಲದೆ ಇನ್ನೆರಡು ಸಲ ಎಣಿಸಿದೆ. ಆಮೇಲೆ, ನನಗೆ ಬಂದ ಸಂಖ್ಯೆಯನ್ನೂ ರೇಣುಕಾಳ ಸಂಖ್ಯೆಯನ್ನೂ ಹೇಳದೆ, ಟಾರ್ಚನ್ನು ಆ ಉಪನ್ಯಾಸಕಿಯ ಕೈಗೆ ಕೊಟ್ಟು ಚೀಲದೊಳಗೆ ಏನಿದೆ ನೋಡಿ ಎಂದೆ. ಅವರು ಮಂಡಿಯೂರಿ ಕುಳಿತು ಬಹಳ ಹೊತ್ತು ನೋಡಿದರು. ತುಟಿ ಅಲುಗುತ್ತಿತ್ತು.

"ಐದ್ರಿ ಸರ್," ಎಂದರು. "ಒಂದೊಂದು ಬ್ಯಾರೆ ಬ್ಯಾರೆ ಮೊಲಿಗೆ ಕಚ್ಕೊಂಡಾವ."